ಕೃಷಕ್ ವಿಮಾನಕ್ಕೆ ಬಟ್ಟೆ ಹೊಲಿದದ್ದು

“ತಗಡು ಹೊಡಿಸಿ, ಬೆಳ್ಳಿ ಬಣ್ಣ ಬಳಿಸಿ, ಗೇಟಿನ ಮುಂದ ಕಂಬದ ಮ್ಯಾಲೆ ಏರಿಸಿಬಿಡೂಣ್ರಿ ಮೇಡಂ. ನಮ್ಮ ಕಡಿಗೆ ಇಷ್ಟು ಸಾಕು.”

ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು ಹೀಗೆಂದದ್ದು ವರ್ಕ್‌ಶಾಪಿನ ಹಿಂದಿನ ಶೆಡ್ಡಿನಲ್ಲಿ, ಒಂದು ಹಳೆಯ ವಿಮಾನದ ಅಸ್ಥಿಪಂಜರದ ಮುಂದೆ ನಿಂತು. ಕೊಟ್ಟೂರಿನ ಆ ಖಾಸಗಿ ಐಟಿಐಯಲ್ಲಿ ನಾನು ಫಿಟ್ಟರ್ ವಿಭಾಗದ ಟೀಚರು. ವರ್ಷವರ್ಷಕ್ಕೆ ಮುಂದುವರಿಸುವ ಕೆಲಸ, ಮುಂದುವರಿಸುವವರು ಇದೇ ಕಾರ್ಯದರ್ಶಿಗಳು. ಶೇಂಗಾ ಎಣ್ಣೆ ಮಿಲ್ಲಿನ ಸಾಹುಕಾರರು, ಕೆಟ್ಟ ಮನುಷ್ಯರೇನಲ್ಲ. ಆದರೆ ‘ನಮ್ಮ ಕಡಿಗೆ ಇಷ್ಟು ಸಾಕು’ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇರೆ ಕಡೆ ಓಡಿ ಸವೆದ ಬಸ್ಸು ನಮ್ಮ ಕಡೆಗೆ ಸಾಕು. ಬೇರೆ ಕಡೆ ಬೇಡವಾದ ಲೇತ್ ಮಷಿನ್ನು ನಮ್ಮ ಹುಡುಗರ ಕಲಿಕೆಗೆ ಸಾಕು. ಹೊರಗಿನವರು ಹೀಗೆಂದರೆ ಜಗಳ ಆಡಬಹುದು, ನಮ್ಮವರೇ ಅಂದರೆ ಏನು ಮಾಡುವುದು? ಅದಕ್ಕೂ ಜಗಳವೇ ಆಡುವುದು ಎಂದು ಅವತ್ತು ತೀರ್ಮಾನಿಸಿದೆ.

ವಿಮಾನದ ಹೆಸರು ಕೃಷಕ್. ಬೆಂಗಳೂರಿನಲ್ಲೇ ಹುಟ್ಟಿದ್ದು. ರೆಕ್ಕೆ ತಲೆಯ ಮೇಲೆ, ಮುಂದೆ ಎರಡು ದಪ್ಪ ಗಾಲಿ, ಬಾಲದ ಕೆಳಗೆ ಒಂದು ಸಣ್ಣ ಗಾಲಿ. ಸೈನ್ಯದಲ್ಲಿ ದುಡಿದು ಮುಗಿದ ಮೇಲೆ, ಕೆಡೆಟ್ ಮಕ್ಕಳಿಗೆ ಪಾಠ ಹೇಳಲೆಂದು ಎಂಜಿನ್ ತೆಗೆದು ನಮ್ಮ ಸಂಸ್ಥೆಗೆ ಕೊಟ್ಟಿದ್ದರಂತೆ. ಕೆಡೆಟ್ ತರಗತಿ ನಿಂತುಹೋಯಿತು, ವಿಮಾನ ಉಳಿಯಿತು. ಅದರ ಮೈ ಲೋಹದ ಹಾಳೆಯದಲ್ಲ, ಬಟ್ಟೆಯದು. ಉಕ್ಕಿನ ನಳಿಗೆಗಳ ಚೌಕಟ್ಟಿನ ಮೇಲೆ ಹತ್ತಿ ಬಟ್ಟೆ ಹೊದಿಸಿ, ಅದಕ್ಕೆ ಡೋಪ್ ಎಂಬ ದ್ರಾವಣ ಬಳಿದು ಬಿಗಿ ಮಾಡಿರುತ್ತಾರೆ. ಆ ಬಟ್ಟೆ ಎಂದೋ ಹರಿದು ಉದುರಿಹೋಗಿತ್ತು. ನಾನು ಕೆಲಸಕ್ಕೆ ಸೇರಿದಾಗ ಪೈಲಟ್ ಕೂರುವ ಜಾಗದಲ್ಲಿ ಕೋಳಿ ಕಾವು ಕೂತಿತ್ತು.

ಕಂಬಕ್ಕೆ ಏರಿಸುವುದೆಂದರೆ ಸುಮ್ಮನೆ ಏರಿಸುವುದಲ್ಲ. ಗಾಲಿಗಳು ಸೇರುವ ಕಡೆ ಹೊಟ್ಟೆಯ ಮುಖ್ಯ ನಳಿಗೆಗಳಿಗೆ ಆರಪಾರ ತೂತು ಕೊರೆದು ಬೋಲ್ಟು ಹಾಕಬೇಕು. ಅಲ್ಲಿ ಕೊರೆದ ಮೇಲೆ ಅದು ವಿಮಾನವಲ್ಲ, ವಿಮಾನದ ಆಕಾರದ ಬೋರ್ಡು.

“ತಗಡು ಬ್ಯಾಡ್ರಿ ಸಾವ್ಕಾರ್ರ,” ಎಂದೆ. “ಇದು ಬಟ್ಟಿ ವಿಮಾನ. ಬಟ್ಟೀನ ಹಾಕೂಣು. ನೆಲದ ಮ್ಯಾಲೆ ತನ್ನ ಗಾಲಿ ಮ್ಯಾಲೆ ನಿಲ್ಲಲಿ.”

“ಹಾರದ ವಿಮಾನಕ್ಕ ಬಟ್ಟಿ ಆದ್ರೇನು, ತಗಡಾದ್ರೇನ್ರಿ?”

“ನಮ್ಮ ಹುಡುಗರು ನಿಜವಾದದ್ದೊಂದು ನೋಡ್ಲಿ ಅಂತ.”

ಅವರು ನಕ್ಕರು. “ಮುಂಗಾರು ಹಿಡಿಯೋದ್ರೊಳಗ ಮುಗಸ್ರಿ. ಆಗ್ಲಿಲ್ಲ, ತಗಡು. ಕಂಬಂತೂ ಹಾಕಸಾಕ ಹೇಳೀನಿ.”

ಕಂಬದ ಮಾತನ್ನು ಆಮೇಲೆ ನೋಡಿಕೊಳ್ಳೋಣವೆಂದು ಕೆಲಸಕ್ಕೆ ಇಳಿದೆ.

ಬಟ್ಟೆ ಹೊದಿಸುವ ಕೆಲಸವನ್ನು ನಾನು ಕಂಡವಳೇ ಅಲ್ಲ. ಹರಪನಹಳ್ಳಿಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಒಬ್ಬ ಸಾರ್ಜೆಂಟ್ ಇದ್ದಾರೆ, ಚಿಕ್ಕ ವಯಸ್ಸಿನಲ್ಲಿ ಇದೇ ವಿಮಾನದ ಮೈ ರಿಪೇರಿ ಮಾಡುತ್ತಿದ್ದರು ಎಂದು ಕೇಳಿ ಹುಡುಕಿಕೊಂಡು ಹೋದೆ. ಎಪ್ಪತ್ತು ದಾಟಿದ ಆಸಾಮಿ. ಅವರ ಮಾತಿನಲ್ಲಿ ಅರ್ಧ ವಿಮಾನ, ಅರ್ಧ ಗಾಳಿ. ತಾವೇ ಹಾರಿಸಿದ್ದೆ ಎಂದು ಒಂದು ದಿನ ಹೇಳುವರು, ಹಿಂದಿನ ಸೀಟಿನಲ್ಲಿ ಕೂತು ವಾಂತಿ ಮಾಡಿಕೊಂಡಿದ್ದೆ ಎಂದು ಮತ್ತೊಂದು ದಿನ. ಬೆಳಗಿನ ಬಸ್ಸಿಗೆ ಬಂದು, ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು, ನನ್ನನ್ನೂ ನನ್ನ ಫಿಟ್ಟರ್ ಹುಡುಗರನ್ನೂ ಸಿಪಾಯಿಗಳಂತೆ ಓಡಿಸುತ್ತಿದ್ದರು.

ಮೊದಲು ಚೌಕಟ್ಟು ತೊಳೆದೆವು. ಕೋಳಿ ಪುಕ್ಕ, ಇಲಿ ಗೂಡು, ಕಣಜದ ಮಣ್ಣು ಎಲ್ಲ ಹೊರಬಿದ್ದವು. ಆಮೇಲೆ ಸಣ್ಣ ಸುತ್ತಿಗೆಯಿಂದ ಪ್ರತಿ ನಳಿಗೆಯನ್ನೂ ಬಡಿದು ಕೇಳುವುದು. ಗಟ್ಟಿ ಇದ್ದದ್ದು ಟಿಣ್ ಎನ್ನುತ್ತದೆ, ಒಳಗೆ ತುಕ್ಕು ತಿಂದದ್ದು ಮಡಕೆ ಒಡೆದಂತೆ ಕೇಳಿಸುತ್ತದೆ. ಬಾಲದ ಹತ್ತಿರ ಒಂದು ನಳಿಗೆ ಹಾಗೆ ಕೇಳಿಸಿತು. ಕೊಳೆತಷ್ಟು ಕತ್ತರಿಸಿ, ಹೊಸ ತುಂಡು ಕೂರಿಸಿ, ಸಂದಿಯ ಮೇಲೆ ತೋಳು ತೊಡಿಸಿದಂತೆ ಇನ್ನೊಂದು ನಳಿಗೆ ಸರಿಸಿ ಬೆಸುಗೆ ಹಾಕಿಸಿದೆ. ರೆಕ್ಕೆಯ ಒಳಗಿನ ಪಕ್ಕೆಲುಬುಗಳು ಅಲ್ಲಲ್ಲಿ ಸೊಟ್ಟಗಾಗಿದ್ದವು. ಮರದ ಅಚ್ಚು ಮಾಡಿಕೊಂಡು ಒಂದೊಂದನ್ನೇ ನೆಟ್ಟಗೆ ಮಾಡಿದೆವು. ಎಲ್ಲಕ್ಕೂ ತುಕ್ಕು ತಡೆಯುವ ಬಣ್ಣ ಬಿತ್ತು.

ಕೆಲಸ ಮಾಡುವಾಗ ಸಾರ್ಜೆಂಟರು ವಿಮಾನದ ಚರಿತ್ರೆ ಹೇಳುತ್ತಿದ್ದರು.

“ಇದು ಹುಟ್ಟಿದ್ದು ಸೈನ್ಯಕ್ಕೆ ಅಂತ ಅಲ್ಲ ತಾಯಿ. ಹಾರೋದು ಕಲಿಸೋ ಕ್ಲಬ್ಬುಗಳು ತಗಳ್ತಾವೆ ಅಂತ ಮಾಡಿದ್ರು. ಯಾರೂ ತಗಳ್ಳಿಲ್ಲ. ಮೂಲೇಲಿ ನಿಲ್ಲಿಸಿದ್ರು. ಆಮೇಲೆ ಸೈನ್ಯದೋರಿಗೆ, ತಮ್ಮ ಫಿರಂಗಿ ಗುಂಡು ಎಲ್ಲಿ ಬೀಳ್ತಾವೆ ಅಂತ ಮೇಲಿಂದ ನೋಡಿ ಹೇಳೋಕೆ ಒಂದು ಬೇಕಾಯ್ತು. ಆಗ ಎಲ್ರಿಗೂ ಇದು ನೆನಪಾಯ್ತು ನೋಡ್ರಿ.”

“ಅಂದ್ರ ಬ್ಯಾಡಾಗಿದ್ದು ಬೇಕಾತು.”

“ಬೇಕಾಯ್ತು ಅಂದ್ರೆ ಹೆಂಗೆ? ಉತ್ತ ಹೊಲದಂಥಾ ನೆಲದ ಮೇಲೂ ಇಳೀತಿತ್ತು. ರೆಕ್ಕೆ ಮೇಲೈತೆ, ಕೆಳಗೆ ನೋಡೋಕೆ ಏನೂ ಅಡ್ಡ ಇಲ್ಲ. ಹೊಸ ಪೈಲಟ್ಟುಗಳು ಇದ್ರಾಗೇ ಕೈ ತಿದ್ದಿಕೊಂಡ್ರು. ಸಾಮಾನೂ ಹೊರ್ತು, ಸಾಹೇಬ್ರನ್ನೂ ಹೊರ್ತು. ಆಮೇಲೆ ಹೆಲಿಕಾಪ್ಟರ್ ಬಂದ್ವು. ಅವಕ್ಕೆ ಓಡೋಕೆ ನೆಲನೇ ಬೇಡ. ಇದು ಮತ್ತೆ ಮೂಲೆಗೆ.”

ಎರಡು ಸಲ ಮೂಲೆ ಸೇರಿದ ವಿಮಾನವನ್ನು ಮೂರನೆಯ ಸಲ ಕಂಬಕ್ಕೆ ಚುಚ್ಚಿ ನಿಲ್ಲಿಸುವುದೇ? ನನ್ನ ಹಟ ಇನ್ನೂ ಗಟ್ಟಿಯಾಯಿತು.

ಹೊಲಿಗೆಗೆ ಊರಿನ ದರ್ಜಿಗಳನ್ನು ಕೇಳಿದರೆ ನಕ್ಕರು. “ವಿಮಾನಕ್ಕ ಬ್ಲೌಸ್ ಹೊಲೀಬೇಕೇನ್ರಿ ಮೇಡಂ? ಅಳತಿ ತರ್ರಿ,” ಎಂದ ಒಬ್ಬ. “ಅದಕ್ಕ ತೋಳು ಬಾಳ ಉದ್ದ ಅದಾವ, ನಿನ್ನ ಟೇಪು ಸಾಲಂಗಿಲ್ಲ,” ಎಂದು ಹೇಳಿ ಬಂದೆ. ಕೊನೆಗೆ ಸಿಕ್ಕವಳು ಗುಡೇಕೋಟೆ ಕಡೆಯ ಕಂಬಳಿ ನೇಯುವ ಹೆಂಗಸು. ಸಂತೆಯಲ್ಲಿ ಕೂತು ಕಂಬಳಿಯ ಎರಡು ಪಟ್ಟಿಗಳನ್ನು ದಬ್ಬಣದಿಂದ ಜೋಡಿಸುತ್ತಿದ್ದಳು. ಆ ಕೈಯ ವೇಗ ನೋಡಿ ಅಲ್ಲೇ ನಿಂತೆ. ನನಗಿಂತ ಹಿರಿಯಳು, ಗಂಡನ ಕುರಿ ಹಿಂಡು, ತನ್ನ ಮಗ್ಗ, ಎರಡನ್ನೂ ಸಂಭಾಳಿಸುವವಳು. ವಿಮಾನ ಎಂದಾಗ ಹುಬ್ಬು ಸಹ ಏರಿಸಲಿಲ್ಲ.

“ಕುಂತು ಹೊಲಿಯೋದೋ, ನಿಂತು ಹೊಲಿಯೋದೋ?” ಎಂದು ಮಾತ್ರ ಕೇಳಿದಳು.

“ನಿಂತು, ಅವ್ವಾ.”

“ಹಂಗಾದ್ರ ಊಟ ಹೊಟ್ಟಿತುಂಬ ಇರಬೇಕು.”

ಒತ್ತಾಗಿ ನೇಯ್ದ ಹತ್ತಿ ಬಟ್ಟೆ ತರಿಸಿದೆವು. ರೆಕ್ಕೆಗೆ ಅದನ್ನು ದಿಂಬಿನ ಗೌಸಿನಂತೆ ತೊಡಿಸಿ, ಅಂಚು ಹೊಲಿದು, ಆಮೇಲೆ ಪ್ರತಿ ಪಕ್ಕೆಲುಬಿಗೂ ಕಟ್ಟಬೇಕು. ಹಾರುವಾಗ ಮೇಲಿನ ಬಟ್ಟೆಯನ್ನು ಗಾಳಿ ಮೇಲಕ್ಕೆ ಹೀರುತ್ತದೆ, ಕಟ್ಟದಿದ್ದರೆ ಉಬ್ಬಿ ಹರಿಯುತ್ತದೆ. ಅದಕ್ಕೆ ಬಿಚ್ಚಿಟ್ಟಿದ್ದ ರೆಕ್ಕೆಯನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು, ಮೇಣ ಸವರಿದ ದಾರದ ದಬ್ಬಣವನ್ನು ಆಚೆಗೂ ಈಚೆಗೂ ದಾಟಿಸುವುದು. ಪಕ್ಕೆಲುಬಿನ ಒಂದು ಬದಿಗೆ ಚುಚ್ಚಿ, ಇನ್ನೊಂದು ಬದಿಗೆ ವಾಪಸು, ಒಂದೊಂದಕ್ಕೂ ಗಂಟು. ಒಂದು ಗಂಟು ಬಿಚ್ಚಿದರೂ ಪಕ್ಕದ್ದು ಬಿಚ್ಚಬಾರದು.

ಆಚೆ ಅವಳು, ಈಚೆ ನಾನು. ನಡುವೆ ಬಟ್ಟೆ. ಮುಖ ಕಾಣುವುದಿಲ್ಲ, ದಬ್ಬಣದ ಮೂತಿ ಮಾತ್ರ ಬರುತ್ತದೆ. ಅವಳದು ಪಕ್ಕೆಲುಬಿಗೆ ಒತ್ತಿಕೊಂಡೇ ಬರುತ್ತಿತ್ತು, ನನ್ನದು ಮೊದಮೊದಲು ಎಲ್ಲೆಲ್ಲೋ ಹೋಗಿ ಅವಳ ಬೆರಳಿಗೆ ಚುಚ್ಚಿತು.

“ಟೀಚರಮ್ಮ, ನನ್ನ ಮ್ಯಾಲೇನರ ಸಿಟ್ಟೈತೇನು?” ಎಂದು ಆಚೆಯಿಂದ ಕೇಳಿತು.

“ನಿನ್ನ ಮ್ಯಾಲೆ ಇಲ್ಲವ್ವ, ತಗಡಿನ ಮ್ಯಾಲೆ.”

“ಹಂಗಾದ್ರ ಸಾವಕಾಶ ಚುಚ್ಚು. ನಾನು ತಗಡಲ್ಲ.”

ಹೊಲಿಗೆ ಮುಗಿಯಿತು, ಡೋಪ್ ಬರಲಿಲ್ಲ. ಸಾರ್ಜೆಂಟರಿಗೆ ಬೆಂಗಳೂರಿನಲ್ಲಿ ಗುರುತಿದ್ದ ಅಂಗಡಿಯವನು ಫೋನ್ ಎತ್ತುತ್ತಿರಲಿಲ್ಲ. ಬೇರೆಯವನು ಕೊಡುತ್ತೇನೆಂದ, ಆದರೆ ಬೆಂಕಿ ಹತ್ತುವ ಸಾಮಾನೆಂದು ಪಾರ್ಸೆಲ್‌ನವರು ಒಪ್ಪಲಿಲ್ಲ. ಡೋಪ್ ಇಲ್ಲದ ಬಟ್ಟೆ ಒಣಗಲು ಹಾಕಿದ ಪಂಚೆಯಂತೆ ಸಡಿಲವಾಗಿ ನಿಂತಿತ್ತು. ಆಕಾಶದಲ್ಲಿ ಮೋಡ ಕೂಡುತ್ತಿದ್ದವು.

ಆಗ ಅವಳು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಇದಕ್ಕ ಹುಣಸಿ ಬೀಜದ ಗಂಜಿ ಯಾಕ ಹಚ್ಚಬಾರದು?” ಎಂದಳು. “ನಾವು ಹಾಸಿಗೆ ಹಚ್ತೀವಿ. ಒಣಗಿದ ಮ್ಯಾಲೆ ಉಣ್ಣಿ ಎಳಿ ತಂತಿ ಆಗ್ತಾವ.”

ಮಗ್ಗಕ್ಕೆ ಏರಿಸಿದ ಉದ್ದನೆಯ ಎಳೆಗಳಿಗೆ ಹಾಸು ಎನ್ನುತ್ತಾರೆ. ನಮ್ಮ ಕಡೆ ಕಂಬಳಿ ನೇಯುವವರೆಲ್ಲ ಅದಕ್ಕೆ ಹುಣಸೆ ಬೀಜ ಹುರಿದು, ಬೀಸಿ, ಕುದಿಸಿದ ಗಂಜಿ ಬಳಿಯುತ್ತಾರೆ. ಸಾರ್ಜೆಂಟರು ಮೊದಲು ಕೂಗಾಡಿದರು. ಒಂದು ಚೂರು ಬಟ್ಟೆಗೆ ಹಚ್ಚಿ ಒಣಗಿಸಿ ಬೆರಳಿನಿಂದ ಬಾರಿಸಿ ತೋರಿಸಿದೆವು. ತಮಟೆಯಂತೆ ನುಡಿಯಿತು. ಮೀಸೆ ಸವರಿಕೊಂಡು, “ಪರವಾಗಿಲ್ಲ,” ಎಂದರು. ನನಗಂತೂ ಕುಣಿಯುವಷ್ಟು ಖುಷಿ. ಯಾರ ಹಂಗೂ ಇಲ್ಲದೆ, ನಮ್ಮ ಮರದ ಬೀಜದಲ್ಲಿ ನಮ್ಮ ವಿಮಾನ. ಹಂಡೆಗಟ್ಟಲೆ ಕುದಿಸಿ ತಿರುವಿದೆವು. ಕುಂಚದಲ್ಲಿ ಬಳಿದೆವು. ಬಿಸಿಲಿಗೆ ಬಟ್ಟೆ ಚಟಚಟ ಎಳೆದುಕೊಂಡು, ಪಕ್ಕೆಲುಬಿನ ಸಾಲು ಎದ್ದು ಕಾಣುವಂತೆ ಬಿಗಿಯಾಯಿತು. ಕಾರ್ಯದರ್ಶಿಗಳು ಬಂದು ಬಾರಿಸಿ ನೋಡಿ, “ಭೇಷ್,” ಎಂದು ಹೋದರು.

ಆ ವಾರವೇ ಮಳೆ ಬಂತು. ಶೆಡ್ಡಿನ ಮೇಲ್ಛಾವಣಿ ಸೋರಿತು. ಬೆಳಿಗ್ಗೆ ಬಂದು ನೋಡಿದರೆ ಗಂಜಿಯೆಲ್ಲ ನೆನೆದು ಬಟ್ಟೆ ಹಳೆಯ ಹೊರಸಿನಂತೆ ಜೋತುಬಿದ್ದಿತ್ತು. ಅಷ್ಟೇ ಆಗಿದ್ದರೆ ಒಣಗಿಸಬಹುದಿತ್ತು. ಒದ್ದೆ ಗಂಜಿಯ ವಾಸನೆಗೆ ಕಾಂಪೌಂಡಿನ ಸಂದಿಯಿಂದ ಕುರಿಗಳು ನುಗ್ಗಿದ್ದವು. ನಾನು ಹೋದಾಗ ಒಂದು ಟಗರು ಬಾಲದ ರೆಕ್ಕೆಯ ಬಟ್ಟೆಯನ್ನು ನೆಮ್ಮದಿಯಾಗಿ ಜಗಿಯುತ್ತಿತ್ತು. ಉಳಿದವು ಹೊಟ್ಟೆಯ ಭಾಗವನ್ನು ನೆಕ್ಕುತ್ತಿದ್ದವು. ಸೈನ್ಯದಲ್ಲಿ ದುಡಿದ ವಿಮಾನ ಕೊಟ್ಟೂರಿನಲ್ಲಿ ಕುರಿಗೆ ಮೇವಾಯಿತು.

ಸಾರ್ಜೆಂಟರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು. ಅದು ಕೂಗಾಟಕ್ಕಿಂತ ಕೆಟ್ಟದಾಗಿತ್ತು. ಗುಡೇಕೋಟೆಯವಳು ಬಂದು ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಗಂಜಿ ಕುರಿ ತಿಂತಾವ ಅಂತ ಯಾರಿಗೆ ಗೊತ್ತಿಲ್ಲ?” ಎಂದಳು. “ಮನ್ಯಾಗ ಹಾಸು ಹಾಕಿದಾಗ ಕಾವಲು ಕುಂದರ್ತೀವಿ. ವಿಮಾನಕ್ಕ ಕಾವಲು ಬೇಕು ಅಂತ ನನಗ ಹೊಳೀಲಿಲ್ಲ.”

ನನಗೂ ಹೊಳೆದಿರಲಿಲ್ಲ. ನಾಚಿಕೆಯಾಯಿತು, ನಗುವೂ ಬಂತು, ನಡುವೆ ಅಳುವೂ ಬಂತು. ಮೂರನ್ನೂ ನುಂಗಿಕೊಂಡು ಟಗರನ್ನು ಕೋಲಿನಿಂದ ಓಡಿಸಿದೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಿಲ್ಲಿಗೆ ಮುಟ್ಟಿತು. ಕಾರ್ಯದರ್ಶಿಗಳು ತಗಡಿನ ಕೆಲಸದವನನ್ನು ಜೊತೆಯಲ್ಲೇ ಕರೆದುಕೊಂಡು ಬಂದರು. ಅವನು ಟೇಪು ಹಿಡಿದು ರೆಕ್ಕೆ ಅಳೆಯಲು ಶುರುಮಾಡಿದ.

“ಆತಲ್ರಿ ಮೇಡಂ,” ಎಂದರು ಸಾಹುಕಾರರು. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದು ನನಗೆ ಇನ್ನೂ ಚುಚ್ಚಿತು. “ಮಾಡಿದ್ರಿ, ನೋಡಿದ್ರಿ. ಈ ವಾರ ತಗಡು ಹೊಡೀಲಿ. ಬರೋ ಸೋಮವಾರ ಕ್ರೇನ್ ಹೇಳೀನಿ. ಡ್ರಿಲ್ ಮಷಿನ್ ನಿಮ್ಮ ವರ್ಕ್‌ಶಾಪಿನ್ಯಾಗ ಐತಲ್ಲ, ಕೊಡ್ರಿ.”

ವರ್ಕ್‌ಶಾಪಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಅದನ್ನು ಇನ್ನಷ್ಟು ಒಳಗೆ ಸಿಕ್ಕಿಸಿಕೊಂಡೆ.

“ಕೊಡಂಗಿಲ್ರಿ.”

ತಗಡಿನವನು ಅಳೆಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ.

“ಮೇಡಂ, ನಿಮ್ಮ ಆರ್ಡರು ನನ್ನ ಟೇಬಲ್ ಮ್ಯಾಲೆ ಐತಿ,” ಎಂದರು ಅವರು. ಮುಂದಿನ ವರ್ಷದ ಕೆಲಸದ ಆದೇಶದ ಮಾತು ಅದು. ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಹೆದರಿಕೆ ಹೋಗಿ ಸಿಟ್ಟು ಬಂತು.

“ಇರ್ಲಿರಿ. ಸಹಿ ಮಾಡೋದು ಬಿಡೋದು ನಿಮ್ಮ ಕೈಯಾಗ. ಇದರ ಮೈಗೆ ತೂತು ಹೊಡೆಯೋದು ನನ್ನ ಕೈಯಿಂದ ಆಗಂಗಿಲ್ಲ. ಅದಿರ್ಲಿ ಸಾವ್ಕಾರ್ರ, ಒಂದು ಮಾತು ಕೇಳ್ತೀನಿ. ಬರೋ ಸೋಮವಾರ ಅಂದ್ರಿ. ಶನಿವಾರಕ್ಕ ಆಷಾಢ ಬೀಳತೈತಿ. ಆಷಾಢದಾಗ ಏರಸ್ತೀರೇನು?”

ಆಷಾಢದಲ್ಲಿ ಅವರ ಮನೆಯಲ್ಲಿ ಹೊಸ ಪೊರಕೆಯನ್ನೂ ಕೊಳ್ಳುವುದಿಲ್ಲ. ಹೊಸ ಸೊಸೆಯನ್ನು ತವರಿಗೆ ಕಳಿಸಿ, ಮಿಲ್ಲಿನ ಹೊಸ ಯಂತ್ರಕ್ಕೂ ಪೂಜೆ ಮಾಡದೆ ಶ್ರಾವಣದವರೆಗೆ ಕಾಯುವ ಜನ. ಸಂಸ್ಥೆಯ ಹೆಸರು ಹೊತ್ತು ಗೇಟಿನ ಮುಂದೆ ನಿಲ್ಲುವ ವಿಮಾನವನ್ನು ಆಷಾಢದಲ್ಲಿ ಕಂಬಕ್ಕೆ ಏರಿಸುವುದು ಅವರಿಂದ ಆಗುವ ಮಾತಲ್ಲ. ನನಗೆ ಆ ನಂಬಿಕೆ ಅಷ್ಟಿಲ್ಲ. ಆದರೆ ಅವತ್ತು ಪಂಚಾಂಗವೇ ನನ್ನ ವಕೀಲನಾಯಿತು.

“ಶ್ರಾವಣ ಮೊದಲ ಸೋಮವಾರ,” ಎಂದರು ಕೊನೆಗೆ. “ಅವತ್ತು ಕ್ರೇನ್ ಬರತೈತಿ. ಬಟ್ಟಿ ಇದ್ರ ಬಟ್ಟಿ, ಇಲ್ಲಂದ್ರ ತಗಡು. ಕಂಬಕ್ಕಂತೂ ಏರತೈತಿ. ಬೀಗದ ಕೈ ಅವತ್ತು ನಾನ ಇಸಗೊಂತೀನಿ.” ಒಂದು ತಿಂಗಳು ಸಿಕ್ಕಿತ್ತು, ಹೂಂ ಎಂದೆ.

ಅವರು ಹೋದ ಮೇಲೆ ಸಾರ್ಜೆಂಟರು ಬಾಯಿಬಿಟ್ಟರು. “ಬಟ್ಟೆ ತೊಳೆದು ಮತ್ತೆ ಬಳಸಬಹುದೇನೋ. ಕಂಬದ ಮೇಲೆ ಯಾರು ನೋಡ್ತಾರೆ?”

“ನೀವೂ ‘ನಮ್ಮ ಕಡಿಗೆ ಇಷ್ಟು ಸಾಕು’ ಅನ್ನಾಕ ಹತ್ತಿದ್ರೇನ್ರಿ?” ಎಂದು ರೇಗಿದೆ.

ಅವರು ಎದ್ದು ನಿಂತರು. ಜೇಬಿನಿಂದ ಸಣ್ಣ ಚಾಕು ತೆಗೆದು ರೆಕ್ಕೆಯ ತುದಿಯಿಂದ ಬುಡದವರೆಗೆ ಒಂದೇ ಎಳೆತಕ್ಕೆ ಬಟ್ಟೆ ಸೀಳಿದರು. ಅಷ್ಟು ದಿನದ ಹೊಲಿಗೆ ಒಂದು ಗಳಿಗೆಯಲ್ಲಿ ನೆಲಕ್ಕೆ ಬಿತ್ತು. ಇನ್ನೊಂದು ರೆಕ್ಕೆಯನ್ನು ನಾನು ಸೀಳಿದೆ. ಗುಡೇಕೋಟೆಯವಳು ತನ್ನ ಗಂಟುಗಳನ್ನು ನೋಡಿ ಒಮ್ಮೆ ಲೊಚಗುಟ್ಟಿದಳು, ಆಮೇಲೆ ತಾನೂ ಬಾಲದ ಬಟ್ಟೆ ಕಿತ್ತಳು.

ಡೋಪ್ ತರಲು ಸಾರ್ಜೆಂಟರೇ ಬೆಂಗಳೂರಿಗೆ ಹೋದರು. ಈರುಳ್ಳಿ ಇಳಿಸಿ ಖಾಲಿ ಬರುತ್ತಿದ್ದ ಹರಪನಹಳ್ಳಿಯ ಲಾರಿಯಲ್ಲಿ, ಡಬ್ಬಿಗಳ ಮೇಲೆ ಒದ್ದೆ ಗೋಣಿ ಹೊದಿಸಿ, ದಾರಿಯುದ್ದಕ್ಕೂ ಡ್ರೈವರಿಗೆ ಬೀಡಿ ಹಚ್ಚಲು ಬಿಡದೆ ತಂದರು. “ಆ ಮನುಷ್ಯ ನನ್ನ ಜೊತೆ ಇನ್ನು ಮಾತಾಡಲ್ಲ,” ಎಂದರು ಇಳಿಯುತ್ತಲೇ.

ಹೊಸ ಬಟ್ಟೆ, ಅದೇ ಹೊಲಿಗೆ. ಈ ಸಲ ನನ್ನ ದಬ್ಬಣ ಅವಳ ಬೆರಳಿಗೆ ಚುಚ್ಚಲಿಲ್ಲ. ಹೊಲಿಗೆಯ ಸಾಲಿನ ಮೇಲೆ ಹಲ್ಲು ಹಲ್ಲಾಗಿ ಅಂಚು ಕತ್ತರಿಸಿದ ಪಟ್ಟಿ ಅಂಟಿಸಿದೆವು, ಎಳೆ ಬಿಚ್ಚದಿರಲಿ ಎಂದು. ರೆಕ್ಕೆಯ ಹಿಂದಂಚಿಗೆ ಕೆಳಗೆ ನೀರು ಹರಿದುಹೋಗಲು ಸಣ್ಣ ತೂತುಗಳು. ಆಮೇಲೆ ಡೋಪ್. ಮೊದಲ ಕೈ ತೆಳ್ಳಗೆ, ಎಳೆಯೊಳಗೆ ಇಳಿಯುವಂತೆ ಉಜ್ಜಿ. ಒಣಗಿದ ಮೇಲೆ ಎರಡನೆಯದು. ನಡುನಡುವೆ ಪಾಲಿಶ್ ಕಾಗದದಿಂದ ನಯ ಮಾಡುವುದು. ಉಗುರು ಬಣ್ಣದಂಥ ವಾಸನೆ ತಲೆಗೇರಿ ನಿಂತಲ್ಲೇ ತೂರಾಡುವಂತಾಗುತ್ತಿತ್ತು. ಸರದಿಯ ಮೇಲೆ ಹೊರಗೆ ಹೋಗಿ ಉಸಿರಾಡಿ ಬರುತ್ತಿದ್ದೆವು.

ಅಲ್ಲೂ ಒಂದು ಪೆಟ್ಟು ತಿಂದೆವು. ಜಿಟಿಜಿಟಿ ಮಳೆಯ ದಿನ ಅವಸರಪಟ್ಟು ಬಳಿದೆ. ಒಣಗುತ್ತಿದ್ದಂತೆ ಬಟ್ಟೆಯ ಮೇಲೆ ಬೂದಿ ಉದುರಿದಂತೆ ಬಿಳುಪು ಮೂಡಿತು. ಗಾಳಿಯ ತೇವ ಡೋಪಿನೊಳಗೆ ಸೇರಿದರೆ ಹಾಗಾಗುತ್ತದೆ, ಅದು ಬಿಗಿಯೂ ಆಗುವುದಿಲ್ಲ, ಬಾಳುವುದೂ ಇಲ್ಲ. ಉಜ್ಜಿ ತೆಗೆದು ಮತ್ತೆ ಬಳಿಯಬೇಕಾಯಿತು. ಅಂದಿನಿಂದ ಮೋಡ ಬಿಟ್ಟ ಮಧ್ಯಾಹ್ನಗಳಲ್ಲಿ ಮಾತ್ರ ಕುಂಚ ಹಿಡಿದೆವು. ಆದರೆ ಮೋಡ ಬಿಟ್ಟರೆ ಆಷಾಢದ ಗಾಳಿ, ಗಾಳಿ ಬಂದರೆ ಧೂಳು. ಗುಡೇಕೋಟೆಯವಳು ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಹೊತ್ತುತಂದು ಶೆಡ್ಡಿನ ಗಾಳಿಮುಖಕ್ಕೆ ಕಟ್ಟಿದಳು. ಅವುಗಳ ಮರೆಯಲ್ಲಿ ಕೊನೆಯ ಕೈ ಬಿತ್ತು. ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಬಣ್ಣದ್ದು, ಬಿಸಿಲು ಬಟ್ಟೆಯನ್ನು ತಿನ್ನದಿರಲಿ ಎಂದು. ಒಣಗಿದ ಮೇಲೆ ಸಾರ್ಜೆಂಟರು ಬೆರಳಿನಿಂದ ಬಾರಿಸಿದರು. ಹುಣಸೆ ಗಂಜಿಯ ಸದ್ದೇ ಬೇರೆ, ಇದೇ ಬೇರೆ. ನೀರು ಸುರಿದು ಮತ್ತೆ ಬಾರಿಸಿದರು. ಸದ್ದು ಬದಲಾಗಲಿಲ್ಲ. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನೋಡದವಳಂತೆ ಡಬ್ಬಿ ಮುಚ್ಚಿದೆ.

ಶ್ರಾವಣದ ಆ ಸೋಮವಾರ ಬೆಳಿಗ್ಗೆ ವಿಮಾನವನ್ನು ತಳ್ಳಿಕೊಂಡು ಬಯಲಿಗೆ ತಂದೆವು. ರೆಕ್ಕೆ ಜೋಡಿಸಲು ಶೆಡ್ಡಿನಲ್ಲಿ ಜಾಗ ಸಾಲದು. ಎಲ್ಲರೂ ಸೇರಿ ರೆಕ್ಕೆ ಎತ್ತಿ ಹಿಡಿದು, ಪಿನ್ನು ತೂರಿಸಿ, ಕೆಳಗಿನಿಂದ ರೆಕ್ಕೆಗೆ ಆಸರೆಯಾಗಿ ಓರೆಯಾಗಿ ನಿಲ್ಲುವ ಊರುಗಂಬಿಗಳನ್ನು ಬಿಗಿದೆವು. ಸಾರ್ಜೆಂಟರು ಮೂತಿಯನ್ನು ಪಡುವಣಕ್ಕೆ ತಿರುಗಿಸಿ ನಿಲ್ಲಿಸಿದರು. ಗಾಲಿಗೆ ಕಲ್ಲು ಕೊಟ್ಟು, ಊರುಗಂಬಿಗಳಿಗೂ ಬಾಲಕ್ಕೂ ಹಗ್ಗ ಕಟ್ಟಿ ಕಬ್ಬಿಣದ ಗೂಟಗಳಿಗೆ ಬಿಗಿಸಿದರು.

“ಕಂಬಕ್ಕ ಹೋಗೋದಕ್ಕ ಹಗ್ಗ ಯಾಕ್ರಿ?” ಎಂದು ಕೇಳಿದೆ. ನನ್ನ ಮಾತಿನಲ್ಲಿ ಕಹಿ ಇತ್ತು. ಗೇಟಿನ ಬಳಿ ಕಂಬ ನಿಂತಿತ್ತು, ಅದರ ನೆತ್ತಿಯ ಮೇಲೆ ಬೋಲ್ಟಿನ ತೂತುಗಳಿದ್ದ ಪ್ಲೇಟು. ಕ್ರೇನ್ ಆಗಲೇ ಬಂದಿತ್ತು.

“ನೆಲದ ಮೇಲಿರೋವರೆಗೂ ಇದು ವಿಮಾನ ತಾಯಿ. ವಿಮಾನಾನ ಕಟ್ಟದೆ ಬಿಡೋದಿಲ್ಲ.”

ಕಾರ್ಯದರ್ಶಿಗಳು ಬಂದರು. ಬಿಳಿ ಧೋತರ, ಹೆಗಲ ಮೇಲೆ ವಲ್ಲಿ. ವಿಮಾನವನ್ನು ಒಂದು ಸುತ್ತು ಹಾಕಿದರು. ಬಟ್ಟೆಯ ಮೇಲೆ ಕೈಯಾಡಿಸಿದರು. “ಚಲೋ ಆಗೇತ್ರಿ,” ಎಂದು ಮನಸ್ಸಿನಿಂದಲೇ ಹೇಳಿದರು. ಆಮೇಲೆ ನನ್ನ ಮುಂದೆ ಕೈ ಚಾಚಿದರು, ಬೀಗದ ಕೈಗೆ.

ಮಾತು ಕೊಟ್ಟಾಗಿತ್ತು. ಸೊಂಟಕ್ಕೆ ಕೈ ಹಾಕಿದೆ, ಕೈ ಹೊರಗೆ ಬರಲಿಲ್ಲ. “ಸಾವ್ಕಾರ್ರ, ನೀವು ಬೀಗ ಒಡೆಸ್ರಿ. ನಾನು ಕೊಡಂಗಿಲ್ಲ,” ಎಂದೆ. ಇನ್ನು ನಾನು ಆ ಸಂಸ್ಥೆ ಬಿಟ್ಟಂತೆಯೇ ಎಂದು ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ, ಹೇಳಿದ್ದಕ್ಕೆ ಇವತ್ತಿಗೂ ಬೇಸರವಿಲ್ಲ.

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪಡುವಣದಿಂದ ಗಾಳಿ ಬಂತು.

ಆಷಾಢ ಮುಗಿದರೂ ನಮ್ಮ ಕಡೆ ಗಾಳಿಗೆ ಪಂಚಾಂಗ ಗೊತ್ತಿಲ್ಲ. ಬಯಲಿನ ಧೂಳೆಲ್ಲ ಎದ್ದು ಬಂತು. ಮೊದಲು ಹಗ್ಗಗಳು ಬಿಗಿಯಾದವು. ಆಮೇಲೆ ರೆಕ್ಕೆಯ ಬಟ್ಟೆ ಒಂದೇ ದನಿಯಲ್ಲಿ ಗುಂಯ್ ಎನ್ನತೊಡಗಿತು. ಗಾಲಿಗಳ ಮೇಲಿನ ಭಾರ ಕಡಿಮೆಯಾದದ್ದು ಕಣ್ಣಿಗೇ ಕಂಡಿತು, ಚಪ್ಪಟೆಯಾಗಿದ್ದ ಟೈರು ದುಂಡಗಾಯಿತು. ಎಡಗಡೆಯ ಗಾಲಿ ನೆಲ ಬಿಟ್ಟಿತು. ಮೇಲೆ ಒಣಗಿದ್ದರೂ ಒಳಗೆ ಮಳೆಗೆ ಮೆತ್ತಗಾಗಿದ್ದ ಮಣ್ಣಿನಿಂದ ಆ ಬದಿಯ ಗೂಟ ಕಿತ್ತು ಬಂತು.

“ಹಿಡೀರಿ,” ಎಂದು ಸಾರ್ಜೆಂಟರು ಕೂಗಿದರು.

ಎಲ್ಲರಿಗಿಂತ ಹತ್ತಿರ ಇದ್ದವರು ಕಾರ್ಯದರ್ಶಿಗಳೇ. ಎಡಗಡೆಯ ಊರುಗಂಬಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಜೋತುಬಿದ್ದರು. ವಲ್ಲಿ ಹಾರಿಹೋಗಿ ಕ್ರೇನಿಗೆ ಸುತ್ತಿಕೊಂಡಿತು. ನಾನು ಅವರ ಪಕ್ಕಕ್ಕೆ ಓಡಿ ಅದೇ ಕಂಬಿ ಹಿಡಿದೆ. ಗುಡೇಕೋಟೆಯವಳು ಬಾಲಕ್ಕೆ ಮೈಯೊಡ್ಡಿ ನಿಂತಳು. ನಮ್ಮ ಕೈಯೊಳಗೆ ಕಂಬಿ ಮಿಡಿಯುತ್ತಿತ್ತು. ಹಗ್ಗ ಕಟ್ಟಿದ ಎಳೆಗರು ಎಳೆದಂತೆ ಎಳೆಯುತ್ತಿತ್ತು.

“ಮೇಡಂ, ಇದರಾಗ ಎಂಜಿನ್ ಇಲ್ಲಂತ ಹೇಳಿದ್ರಿ,” ಎಂದರು ಸಾಹುಕಾರರು. ಉಸಿರು ಕಟ್ಟಿತ್ತು.

“ಇಲ್ರಿ.”

“ಮತ್ತ ಯಾಕ ಎಳೀತೈತಿ?”

“ರೆಕ್ಕಿ ಸರಿ ಅದಾವ್ರಿ.”

“ಕಂಬದ ಮೇಲಿದ್ದಿದ್ರೆ ಕಂಬಾನೂ ಕರ್ಕೊಂಡು ಹೋಗಿರೋದು,” ಎಂದರು ಸಾರ್ಜೆಂಟರು ಆ ಬದಿಯಿಂದ. ಅದು ಅವರ ಗಾಳಿ ಮಾತೋ ನಿಜವೋ ನನಗೆ ಗೊತ್ತಿಲ್ಲ.

ಗಾಳಿ ಇಳಿಯಿತು. ಗಾಲಿ ಮೆಲ್ಲಗೆ ನೆಲಕ್ಕೆ ಕೂತಿತು. ಒಬ್ಬೊಬ್ಬರಾಗಿ ಕೈ ಬಿಟ್ಟೆವು. ಕ್ರೇನಿನವನು ಇಳಿದು ಬಂದು, ಬೆಲ್ಟು ಎಲ್ಲಿ ಹಾಕಬೇಕೆಂದು ಕೇಳಿದ. ಕಾರ್ಯದರ್ಶಿಗಳು ಅವನ ಕಡೆ ನೋಡಲಿಲ್ಲ. ಧೋತರಕ್ಕೆಲ್ಲ ಧೂಳು ಮೆತ್ತಿತ್ತು. ಅವರು ಮಾತ್ರ ಊರುಗಂಬಿಯನ್ನು ಬಿಟ್ಟಿರಲಿಲ್ಲ.

“ಕ್ರೇನ್ ಹೊಳ್ಳಿ ಕಳಸ್ರಿ,” ಎಂದರು. “ಇದನ್ನ ಕಂಬಕ್ಕ ಹೊಡಿಯಾಕ ಬರಂಗಿಲ್ಲ. ಇದು ಇನ್ನೂ ಹೋಗಾಕ ನೋಡತೈತಿ.”

ನಾನು ವರ್ಕ್‌ಶಾಪಿನ ಬೀಗ ತೆಗೆದು ಇನ್ನೊಂದು ಗೂಟ ತರಲು ಹೋದೆ.